ಸಿ ಡ್ರೈವಿನ ದಾಸೋಹ

ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಕೆಲವೊಮ್ಮೆ ನನ್ನನ್ನು ಹುಡುಕಿಕೊಂಡು ಬಂದು, "ಅಕ್ಕಾರ, ನಿಮ್ಮ ಕಾಲದಾಗ ಕಂಪ್ಯೂಟರ್ ಸುರಕ್ಷತಾ ಅಂದ್ರ ಏನಿತ್ರಿ?" ಎಂದು ಕೇಳುತ್ತಾರೆ. ನಮ್ಮ ಕಾಲದಲ್ಲಿ ಸುರಕ್ಷತೆ ಎಂದರೆ ಹೊದಿಕೆ. ನೀಲಿ ರೆಕ್ಸಿನ್ನಿನ ಹೊದಿಕೆ, ಅದರ ಅಂಚಿಗೆ ಮನೆಯ ಹೆಣ್ಣುಮಕ್ಕಳು ಹೊಲಿದ ಬಿಳಿ ಜಾಲರಿ. ಮಾನಿಟರಿಗೊಂದು, ಸಿಪಿಯುಗೊಂದು, ಕೀಬೋರ್ಡಿಗೊಂದು. ವೈರಸ್ ಧೂಳಿನಲ್ಲಿ ಬರುತ್ತದೆ ಎಂದು ಊರಿಗೆ ಊರೇ ನಂಬಿತ್ತು. ಇಂಟರ್ನೆಟ್ಟಿನಲ್ಲಿ ಸಿಕ್ಕಿದ ಕಸವನ್ನೆಲ್ಲ ಒಳಗೆ ಎಳೆದುಕೊಂಡು, ಆಮೇಲೆ ಹೊದಿಕೆ ಹಾಕಿ, ಜಾಲರಿ ಸರಿಮಾಡಿ, ನಿಶ್ಚಿಂತೆಯಿಂದ ಮಲಗುತ್ತಿದ್ದರು.

ನಾನು ಪಾಲಿಟೆಕ್ನಿಕ್ಕಿನಲ್ಲಿ ಎಲೆಕ್ಟ್ರಾನಿಕ್ಸ್ ಡಿಪ್ಲೊಮಾ ಮುಗಿಸಿ ಬೆಳಗಾವಿ ಪೇಟೆಯ ಒಂದು ಕಂಪ್ಯೂಟರ್ ಅಂಗಡಿಗೆ ಸೇರಿದವಳು. ಬೆಳಿಗ್ಗೆ ಅಂಗಡಿಯ ಮಾಳಿಗೆಯ ಮೇಲೆ ಕಂಪ್ಯೂಟರ್ ಕ್ಲಾಸ್ ನಡೆಸುತ್ತಿದ್ದೆ. ನಮ್ಮ ಕಡೆ ಪಾಠ ಹೇಳುವ ಹೆಂಗಸಿಗೆ ಅಕ್ಕಾರ ಎನ್ನುತ್ತಾರೆ, ಹಾಗಾಗಿ ಎಲ್ಲರಿಗೂ ನಾನು ಅಕ್ಕಾರ. ಉಳಿದ ಹೊತ್ತು ಚೀಲದಲ್ಲಿ ಸ್ಕ್ರೂಡ್ರೈವರ್, ಫ್ಲಾಪಿ, ಸಿಡಿ ತುಂಬಿಕೊಂಡು ರಿಪೇರಿಗೆಂದು ಮನೆಮನೆ ತಿರುಗಾಟ. ರಾಮತೀರ್ಥ ನಗರದಿಂದ ಖಾನಾಪುರದವರೆಗೆ ಕಂಪ್ಯೂಟರ್ ಇದ್ದು ನಾನು ಚಹಾ ಕುಡಿಯದ ಮನೆ ಕಡಿಮೆ. ಬಡ್ತಿಯ ವಿಷಯ ಬರೆಯುವುದಿಲ್ಲ. ಅಂಗಡಿಯಲ್ಲಿ ಇದ್ದದ್ದೇ ಎರಡು ಹುದ್ದೆ, ಒಂದು ನನ್ನದು, ಇನ್ನೊಂದು ಮಾಲೀಕರದು.

ಮಾಲೀಕರನ್ನು ಎಲ್ಲರೂ ಸಾವ್ಕಾರ್ರು ಎನ್ನುತ್ತಿದ್ದರು. ಅವರು ಮೊದಲು ಹೊಲಿಗೆ ಯಂತ್ರ ಮಾರಿದರು, ಆಮೇಲೆ ಮಿಕ್ಸರ್, ಕೊನೆಗೆ ಕಂಪ್ಯೂಟರ್. ಮೂರಕ್ಕೂ ಅವರದು ಒಂದೇ ಶಾಸ್ತ್ರ. ಹೊಲಿಗೆ ಯಂತ್ರ ಕೈಕೊಟ್ಟರೆ ಎಣ್ಣೆ, ಮಿಕ್ಸರ್ ಕೈಕೊಟ್ಟರೆ ಬ್ಲೇಡು, ಕಂಪ್ಯೂಟರ್ ಕೈಕೊಟ್ಟರೆ ಫಾರ್ಮ್ಯಾಟ್. ಫಾರ್ಮ್ಯಾಟ್ ಎಂದರೆ ಡಿಸ್ಕಿನಲ್ಲಿ ಇದ್ದದ್ದನ್ನೆಲ್ಲ ಒರೆಸಿ ಹಾಕುವುದು, ಒಂದಕ್ಷರ ಉಳಿಯದಂತೆ. ಸಾವ್ಕಾರ್ರಿಗೆ ಕಂಪ್ಯೂಟರಿನಲ್ಲಿ ಬರುತ್ತಿದ್ದ ವಿದ್ಯೆ ಅದೊಂದೇ. ಅದರ ಇಂಗ್ಲಿಷ್ ಹೆಸರು ಕೇಳಿದರೆ ಗಿರಾಕಿ ಹೆದರುತ್ತಾನೆಂದು ತಾವೇ ಅದಕ್ಕೆ ಜಳಕ ಎಂದು ಹೆಸರಿಟ್ಟಿದ್ದರು.

"ಏನೂ ಆಗಿಲ್ರಿ ಇದಕ್ಕ. ಮೈ ಹೊಲಸ ಆಗೇತಿ ಅಷ್ಟ. ಒಂದ್ ಜಳಕಾ ಮಾಡಸೂಣು, ಮದಲಿನಂಗ ಆಗ್ತೈತಿ" ಎನ್ನುತ್ತಿದ್ದರು.

ಜಳಕ ಬೇಡ ಎನ್ನುವ ಮನುಷ್ಯ ನಮ್ಮ ಸೀಮೆಯಲ್ಲಿ ಇನ್ನೂ ಹುಟ್ಟಿಲ್ಲ. ಗಿರಾಕಿ ಸಂತೋಷದಿಂದ ತಲೆಯಾಡಿಸುತ್ತಿದ್ದ. ಸಂಜೆ ಬಂದು ನೋಡಿದರೆ ಅವನ ಕಂಪ್ಯೂಟರು ಆಗ ತಾನೇ ಹುಟ್ಟಿದ ಕೂಸು. ಹೆಸರಿಲ್ಲ, ನೆನಪಿಲ್ಲ, ಯಾರನ್ನು ಕಂಡರೂ ಗುರುತಿಲ್ಲ. ನಾನು ಎಷ್ಟೋ ಸಲ ಜಗಳ ತೆಗೆದಿದ್ದೇನೆ. "ಸಾವ್ಕಾರ, ಖರೇ ಶಬ್ದ ಹೇಳ್ರಿ ಮಂದಿಗೆ. ಅಳಸ್ತೀವಿ ಅನ್ರಿ."

"ಅಳಸ್ತೀವಿ ಅಂದ್ರ ಯಾರ್ ಕೊಡ್ತಾರ ಅಕ್ಕಾರ? ಅಂಗಡ್ಯಾಗ ಅಶುಭ ಮಾತಾಡಬ್ಯಾಡ್ರಿ."

ಅವರ ಭಕ್ತಿಯೇನೂ ಕಡಿಮೆಯಿರಲಿಲ್ಲ. ದಸರೆಯ ಖಂಡೇಪೂಜೆಯ ದಿನ ಅಂಗಡಿಯ ಎಲ್ಲ ಕಂಪ್ಯೂಟರುಗಳಿಗೂ ವಿಭೂತಿ, ಕುಂಕುಮ, ಚೆಂಡುಹೂವು. ಒಂದು ವರ್ಷ ಫ್ಲಾಪಿ ಹಾಕುವ ಸೀಳಿನೊಳಗೂ ಒಂದು ಚಿಟಿಕೆ ಕುಂಕುಮ ಹಾಕಿದರು, ದೇವರ ದೃಷ್ಟಿ ಒಳಗಿನ ತನಕ ಮುಟ್ಟಲಿ ಎಂದು. ಆ ಡ್ರೈವಿಗೆ ಹಾಕಿದ ಫ್ಲಾಪಿಗಳೆಲ್ಲ ಮುತ್ತೈದೆಯರ ಹಾಗೆ ಕೆಂಪಗಾಗಿ ಹೊರಬರುತ್ತಿದ್ದವು, ಒಂದನ್ನೂ ಓದಲು ಆಗುತ್ತಿರಲಿಲ್ಲ.

ಇಂಥ ಊರಿಗೆ ಹಾಡು ಹಂಚಿಕೊಳ್ಳುವ ತಂತ್ರಾಂಶ ಬಂತು. ಅದನ್ನು ಹಾಕಿಕೊಂಡರೆ ಜಗತ್ತಿನ ಯಾರ್ಯಾರದೋ ಮನೆಯ ಕಂಪ್ಯೂಟರಿನಲ್ಲಿರುವ ಹಾಡು ಟೆಲಿಫೋನ್ ತಂತಿಯ ಮೂಲಕ ನಮ್ಮ ಮನೆಗೆ ಬರುತ್ತದೆ, ನಮ್ಮಲ್ಲಿರುವುದು ಅವರ ಮನೆಗೆ ಹೋಗುತ್ತದೆ. ಎಲ್ಲ ಪುಕ್ಕಟೆ. ಪುಕ್ಕಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಎನ್ನುವ ಮಂದಿ ನಾವು. ಚಹಾಪುಡಿಯ ಜೊತೆಗೆ ಬಟ್ಟಲು ಬಂದ ಹಾಗೆ ಆ ತಂತ್ರಾಂಶದ ಜೊತೆಗೆ ಬೇರೆ ಸಾಮಾನೂ ಬರುತ್ತಿತ್ತು. ಪರದೆಯ ಮೇಲೆ ಮಾತಾಡುವ ಒಂದು ಗಿಳಿ, ಮೇಲ್ಗಡೆ ಯಾರಿಗೂ ಬೇಡದ ಎರಡು ಮೂರು ಪಟ್ಟಿಗಳು, ಮತ್ತೆ ಕಣ್ಣಿಗೆ ಕಾಣದ ಒಬ್ಬ ಗೂಢಚಾರ. ಇವನಿಗೇ ಸ್ಪೈವೇರ್ ಎನ್ನುವುದು. ನೀವು ಏನು ನೋಡುತ್ತೀರಿ, ಏನು ಬರೆಯುತ್ತೀರಿ, ಎಲ್ಲವನ್ನೂ ಮೂಲೆಯಲ್ಲಿ ಕೂತು ಕೇಳಿಸಿಕೊಂಡು ತನ್ನ ಧಣಿಗೆ ವರದಿ ಒಪ್ಪಿಸುತ್ತಾನೆ. ಇಂಥ ಹತ್ತು ಜನ ಒಳಗೆ ಸೇರಿದರೆ ಕಂಪ್ಯೂಟರು ಬಸುರಿ ಎಮ್ಮೆಯ ಹಾಗೆ ನಡೆಯುತ್ತದೆ.

ಇದನ್ನು ತಿಳಿಸಿ ಹೇಳಿದರೆ ಎಲ್ಲ ಮನೆಗಳಲ್ಲೂ ಬರುತ್ತಿದ್ದ ಉತ್ತರ ಒಂದೇ. "ನಮ್ಮ ಮನ್ಯಾಗ ಏನೈತ್ರಿ ಅಕ್ಕಾರ ಅಂಥಾದ್ದು? ನೋಡಿದ್ರ ನೋಡ್ಲಿ ಬಿಡ್ರಿ." ಹೀಗೆ ಹೇಳಿದವರೇ ಬಾಜು ಮನೆಯವಳು ಕಿಟಕಿಯ ಕಡೆ ತಲೆ ತಿರುಗಿಸಿದರೆ ಸಾಕು, ಎದ್ದು ಹೋಗಿ ಪರದೆ ಎಳೆಯುತ್ತಿದ್ದರು. ಇನ್ನು "ಈ ತಂತ್ರಾಂಶವನ್ನೂ ಹಾಕಲೇ?" ಎಂದು ಪರದೆಯ ಮೇಲೆ ಪ್ರಶ್ನೆ ಬಂದರೆ ಎಲ್ಲರೂ ಎಸ್ ಒತ್ತುತ್ತಿದ್ದರು. ಯಾಕೆ ಒತ್ತಿದಿರಿ ಎಂದು ಕೇಳಿದರೆ, "ಪಾಪ, ಕೇಳಾಕತ್ತಿತ್ರಿ, ಒಲ್ಲೆ ಅಂತ ಹೆಂಗನ್ನೂದು?" ಕೇಳಿದವನಿಗೆ ಇಲ್ಲ ಎನ್ನಬಾರದು ಎಂದು ಕಲಿಸಿದ ಸಂಸ್ಕಾರ ನೋಡಿ ಅದು. ಸ್ಪೈವೇರ್ ಬರೆದವನು ನಮ್ಮ ಸೀಮೆಯನ್ನು ಒಮ್ಮೆ ಸುತ್ತಿ ಹೋಗಿಯೇ ಬರೆದಿರಬೇಕು ಎಂದು ನನಗೆ ಅನುಮಾನ.

ಖಾನಾಪುರದಲ್ಲಿ ಸುಮನಬಾಯಿ ಅಂತ ಒಬ್ಬರಿದ್ದರು, ಕಿರಾಣಿ ಅಂಗಡಿಯವರ ಹೆಂಡತಿ. ಮರಾಠಿಯಲ್ಲಿ ಬೈದು ಕನ್ನಡದಲ್ಲಿ ಸಮಾಧಾನ ಮಾಡುವ ಹೆಂಗಸು. ಅವರ ಕಂಪ್ಯೂಟರಿಗೆ ನಾನು ಫೈರ್‌ವಾಲ್ ಹಾಕಿ, "ಇದೊಂದು ಬಾಗ್ಲಾ ಇದ್ದಂಗ ನೋಡ್ರಿ, ಹೊರಗಿನವ್ರು ಒಳಗ ಬರಂಗಿಲ್ಲ" ಎಂದು ಹೇಳಿ ಬಂದೆ. ಮುಂದಿನ ವಾರ ಹೋದರೆ ಒಳಗೆ ಜಾತ್ರೆ. ಸ್ವಚ್ಛ ಮಾಡಿ ಬಂದೆ. ಮತ್ತೆ ಜಾತ್ರೆ. ಕೊನೆಗೊಂದು ಸಂಜೆ ಅಲ್ಲೇ ಕೂತು ನೋಡಿದೆ. ಸುಮನಬಾಯಿ ತುಳಸಿಗೆ ದೀಪ ಹಚ್ಚಿ ಒಳಗೆ ಬಂದವರೇ ಕೈ ಒರೆಸಿಕೊಂಡು, ನಾನೇ ಕಲಿಸಿದ್ದ ಗುಂಡಿ ಒತ್ತಿ ಫೈರ್‌ವಾಲ್ ಆರಿಸಿದರು.

"ಇದೇನ್ರಿ ಬಾಯಿ?"

"ದೀಪಾ ಹಚ್ಚೂ ಹೊತ್ತಿನ್ಯಾಗ ಬಾಗ್ಲಾ ಮುಚ್ಚಬಾರದ್ರಿ ಅಕ್ಕಾರ. ಲಕ್ಷ್ಮಿ ಬರೂ ಹೊತ್ತು."

ಅವರ ಮನೆಯಲ್ಲಿ ಇಂಟರ್ನೆಟ್ ಹಚ್ಚುತ್ತಿದ್ದದ್ದೂ ಅದೇ ಹೊತ್ತಿಗೆ. ನನಗೆ ಸಿಟ್ಟು ನೆತ್ತಿಗೇರಿತು. ಆದರೆ ಸಿಟ್ಟಿನಲ್ಲೇ ಒಂದು ಬುದ್ಧಿ ಹೊಳೆಯಿತು. "ಬಾಯಿ, ನಾ ಹೇಳೂದರಾಗ ತಪ್ಪಿತ್ರಿ. ಇದು ಮುಂದಿನ ಬಾಗ್ಲಾ ಅಲ್ಲ, ಹಿತ್ತಲ ಬಾಗ್ಲಾ" ಎಂದೆ. ಸುಮನಬಾಯಿ ಹಣೆ ಚಚ್ಚಿಕೊಂಡರು. "ಮದಲ ಹೇಳಬಾರದೇನ್ರಿ? ಹಿತ್ತಲ ಬಾಗ್ಲಾ ತಗದಿಟ್ರ ಮುಂದಿಂದ ಬಂದ ಲಕ್ಷ್ಮಿ ಹಿಂದಿಂದ ಹೋಗಿಬಿಡ್ತಾಳ." ಅಂದಿನಿಂದ ಖಾನಾಪುರ ತಾಲೂಕಿನಲ್ಲಿ ಅವರ ಕಂಪ್ಯೂಟರಿನಷ್ಟು ಭದ್ರವಾದದ್ದು ಇನ್ನೊಂದಿರಲಿಲ್ಲ. ಮಕ್ಕಳೇ, ಪುಸ್ತಕದ ಮಾತು ಪುಸ್ತಕದಲ್ಲೇ ಇಡಿ. ಮನೆಯವರಿಗೆ ಮನೆಯ ಮಾತಿನಲ್ಲಿ ಹೇಳಿ, ಆದರೆ ಯಾವ ಬಾಗಿಲು ಎಂಬುದನ್ನು ಮೊದಲೇ ಯೋಚಿಸಿಕೊಂಡು ಹೋಗಿ.

ಇಷ್ಟೆಲ್ಲ ಬುದ್ಧಿ ನನ್ನಲ್ಲಿದ್ದರೂ ಬಸಲಿಂಗಪ್ಪ ಮಾಸ್ತರ ಮುಂದೆ ಅದು ನಡೆಯಲಿಲ್ಲ.

ಮಾಸ್ತರು ಮೂಲತಃ ಬೀಡಿ ಎಂಬ ಊರಿನವರು, ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದರು. ರಾಮತೀರ್ಥ ನಗರದಲ್ಲಿ ಮನೆ. ಹೆಂಡತಿ ಗಂಗವ್ವ ಗುಂಜಿಯ ಕಾಡಂಚಿನಲ್ಲಿ ಬೆಳೆದ ಹೆಣ್ಣು. ಒಬ್ಬಳೇ ಮಗಳು ಮಾದೇವಿ, ಮದುವೆಯಾಗಿ ಬೇರೆ ಊರಿಗೆ ಹೋಗಿದ್ದಳು. ಮಾಸ್ತರು ಶರಣು ಎನ್ನದೆ ಯಾವ ಮಾತನ್ನೂ ಶುರು ಮಾಡುತ್ತಿರಲಿಲ್ಲ, ಮುಗಿಸುತ್ತಲೂ ಇರಲಿಲ್ಲ. ಫೋನ್ ಎತ್ತಿದರೆ ಶರಣು, ಇಟ್ಟರೆ ಶರಣು. ರಾಂಗ್ ನಂಬರಿಗೂ ಶರಣು. ಅವರು ತಿದ್ದಿದ ಹುಡುಗರ ಉತ್ತರಪತ್ರಿಕೆಯ ಕೆಳಗೂ ಸೊನ್ನೆ ಅಂಕದ ಪಕ್ಕದಲ್ಲಿ ಶರಣು ಇರುತ್ತಿತ್ತಂತೆ.

ಹಾಡು ಹಂಚುವ ತಂತ್ರಾಂಶವನ್ನು ಹಾಕಿಕೊಳ್ಳುವಾಗ ಅದು ಒಂದು ಪ್ರಶ್ನೆ ಕೇಳುತ್ತದೆ: ನಿಮ್ಮ ಕಂಪ್ಯೂಟರಿನ ಯಾವ ಫೋಲ್ಡರನ್ನು ಹೊರಗಿನವರಿಗೆ ತೆರೆದಿಡಲಿ? ಬುದ್ಧಿವಂತರು ಏನನ್ನೂ ಕೊಡುತ್ತಿರಲಿಲ್ಲ. ಮಧ್ಯಮ ಬುದ್ಧಿಯವರು ಒಂದು ಹಾಡಿನ ಫೋಲ್ಡರ್ ಕೊಡುತ್ತಿದ್ದರು. ಮಾಸ್ತರು ಸಿ ಡ್ರೈವ್ ಪೂರಾ ಕೊಟ್ಟಿದ್ದರು. ಎಂದರೆ ಮನೆಯಷ್ಟೇ ಅಲ್ಲ, ಕಪಾಟು, ತಿಜೋರಿ, ಹಾಸಿಗೆಯ ಕೆಳಗಿನ ಪೆಟ್ಟಿಗೆ ಸಮೇತ. ಹೆಡ್‌ಮಾಸ್ತರ ಮೇಲೆ ಬರೆದು ಕಳಿಸದೇ ಇಟ್ಟಿದ್ದ ದೂರು, ಮಾದೇವಿಯ ಸೀಮಂತದ ಕುಬಸದ ಫೋಟೊ, ಎಲ್ಲವೂ ಜಗತ್ತಿಗೆ ಬಿಟ್ಟಿ. ನೋಡಿ ನಾನು ಕುರ್ಚಿಯಿಂದ ಎದ್ದುಬಿಟ್ಟೆ.

"ಮಾಸ್ತರ, ಇದೇನ್ ಮಾಡೀರಿ?"

"ದಾಸೋಹರಿ ಅಕ್ಕಾರ. ಊರ ಮಂದಿ ಹಾಡೆಲ್ಲಾ ನಾ ತಗೋತೀನಿ. ನನ್ನ ಕಡೆದು ಮುಚ್ಚಿ ಇಟ್ಟೆ ಅಂದ್ರ ಅದು ಕಳವಾಗೂದಿಲ್ಲೇನು? ಉಣ್ಣಾಕ ಬಂದಾವ್ರ ಮುಂದ ಅಡಗಿ ಮನಿ ಬಾಗ್ಲಾ ಹಾಕಬಾರದ್ರಿ."

ಇಡೀ ಊರಿನಲ್ಲಿ ಅಷ್ಟೊಂದು ಹಾಡು ತೆಗೆದುಕೊಂಡವರಲ್ಲಿ ಇದು ಕಳವಾಗುತ್ತದೋ ಏನೋ ಎಂದು ಯೋಚಿಸಿದವರು ಮಾಸ್ತರೊಬ್ಬರೇ, ಅವರ ಕಂಪ್ಯೂಟರೇ ಎಲ್ಲಕ್ಕಿಂತ ಹೆಚ್ಚು ಹೊಲಸು. ನಾನು ಬಾಗಿಲು ಮುಚ್ಚಿ ಬರುತ್ತಿದ್ದೆ, ಮಾಸ್ತರು ಮತ್ತೆ ತೆರೆಯುತ್ತಿದ್ದರು. ಗಿಳಿಯನ್ನು ಓಡಿಸಿ ಬರುತ್ತಿದ್ದೆ, ವಾರದೊಳಗೆ ಗಿಳಿ ವಾಪಸ್. ಗಂಗವ್ವನಿಗೆ ಆ ಗಿಳಿ ಕಂಡರೆ ಆಗುತ್ತಿರಲಿಲ್ಲ. "ಒಬ್ರು ಮಾತಾಡೂದ ಸಾಕಾಗೇತಿ ಮನ್ಯಾಗ, ಇದೊಂದ್ ಬ್ಯಾರೆ" ಎನ್ನುತ್ತಿದ್ದರು.

ಮಾದೇವಿ ಚೊಚ್ಚಲ ಬಸುರಿ. ಹುಟ್ಟುವ ಕೂಸನ್ನು ತೊಟ್ಟಿಲಿಗೆ ಹಾಕುವ ದಿನ ತಾನು ಹಾಡುವ ಜೋಗುಳವನ್ನು ಗಂಗವ್ವ ಆಗಲೇ ಕಟ್ಟಿ ಇಟ್ಟಿದ್ದರು. ಗುಂಜಿಯ ಕಾಡಿನ ಗಾಳಿ ಬಂದು ತೊಟ್ಟಿಲು ತೂಗಲಿ ಎಂದು ಶುರುವಾಗುವ ಹಾಡು, ನಡುನಡುವೆ ಮರಾಠಿಯ ಬಾಳಾ ಎಂಬ ಮುದ್ದಿನ ಮಾತು. ಮಾಸ್ತರಿಗೆ ಅದನ್ನು ಕಂಪ್ಯೂಟರಿನಲ್ಲಿ ತುಂಬಬೇಕೆಂಬ ಆಸೆ. ನಾನು ಮೈಕ್ ಜೋಡಿಸಿ ಕೊಟ್ಟೆ. ಗಂಗವ್ವ ಸೆರಗು ಸರಿಮಾಡಿಕೊಂಡು, ಮೈಕಿಗೆ ನಮಸ್ಕಾರ ಮಾಡಿ, ಕಣ್ಣು ಮುಚ್ಚಿ ಹಾಡಿದರು. ದನಿ ಸ್ವಲ್ಪ ಒಡೆದದ್ದು, ಆದರೆ ಕೇಳುತ್ತಿದ್ದರೆ ನನ್ನಂಥವಳಿಗೂ ನಿದ್ದೆ ಬರಬೇಕು, ಹಾಗಿತ್ತು. ಅರ್ಧ ಹಾಡು ಮುಗಿದಿತ್ತು, ಅಷ್ಟರಲ್ಲಿ ಕಣ್ಣು ತೆರೆದು ಅದೇ ಉಸಿರಿನಲ್ಲಿ, "ಏನ್ರಿ, ಹಾಲ ಉಕ್ಕಾಕತ್ತಾವ, ವಾಸನಿ ಬಡಿಯೂದಿಲ್ಲೇನು, ಹಂಗ ಕುಂತೀರಲ್ಲ ಕಂಬ ಕುಂತಂಗ" ಎಂದರು. ಮಾಸ್ತರು ಬಿದ್ದೆನೋ ಎದ್ದೆನೋ ಎಂದು ಓಡಿ ಹೋಗಿ, ತಿರುಗಿ ಬಂದು, "ಬಂದ್ ಮಾಡೀನಿ, ನೀ ಹಾಡ" ಎಂದರು. ಗಂಗವ್ವ ಬಿಟ್ಟಲ್ಲಿಂದ ಹಿಡಿದು ಹಾಡು ಮುಗಿಸಿದರು.

ನಾನು ನಗುತ್ತಾ, "ನಡುವಿನ ಹಾಲಿನ ಮಾತು ಕತ್ತರಸ್ತೀನ್ರಿ" ಎಂದೆ. ಗಂಗವ್ವ ನಾಚಿ, "ಮದಲ ಕತ್ತರಸ್ರಿ ಯವ್ವಾ, ಮಂದಿ ನಕ್ಕಾರು" ಎಂದರು. ಮಾಸ್ತರು ಮಾತ್ರ ಬಿಡಲಿಲ್ಲ. "ಇರ್ಲಿ. ಹುಟ್ಟೂ ಕೂಸಿಗಿ ಗೊತ್ತಾಗ್ಲಿ, ಅಜ್ಜಿ ಹಾಡೂದು ಅಷ್ಟ ಅಲ್ಲ, ಬೈತಿದ್ಲು ಅಂತ." ಫ್ಲಾಪಿಯಲ್ಲಿ ಅಷ್ಟು ದೊಡ್ಡ ಹಾಡು ಹಿಡಿಯುತ್ತಿರಲಿಲ್ಲ, ಸಿಡಿ ಬರೆಯುವ ಯಂತ್ರ ಇನ್ನೂ ನಮ್ಮ ಅಂಗಡಿಗೆ ಬಂದಿರಲಿಲ್ಲ. ಒಂದು ಕ್ಯಾಸೆಟ್ಟಿನಲ್ಲೂ ತುಂಬಿಡೋಣ ಎಂದು ನಾನು ಹೇಳಿದ್ದಕ್ಕೆ, "ಕ್ಯಾಸೆಟ್ ಸುತ್ತಿ ಹರದ ಹೋಗ್ತೈತ್ರಿ. ಕಂಪ್ಯೂಟರ್‌ನ್ಯಾಗ ಇದ್ದದ್ದು ಶಾಶ್ವತ" ಎಂದರು. ಶಾಶ್ವತ ಎಂಬ ಶಬ್ದಕ್ಕೆ ಕನ್ನಡದ ಮಾಸ್ತರು ಕೊಟ್ಟ ಅರ್ಥ ಅದು.

ಮುಂದಿನ ಸಲ ನಾನು ಹೋದಾಗ ಮಾಸ್ತರ ಮುಖ ಸಪ್ಪಗಿತ್ತು. ಬಡಿಸಿದ ಎಲೆಯನ್ನು ಯಾರೂ ಮುಟ್ಟದ ಯಜಮಾನನ ಮುಖ. ಹೊರಗಿನ ಮಂದಿ ಅವರ ಮನೆಯಿಂದ ಸಿನಿಮಾ ಹಾಡನ್ನೆಲ್ಲ ಬಾಚಿಕೊಂಡು ಹೋಗುತ್ತಾರೆ, ಜೋಗುಳವನ್ನು ಯಾರೂ ಕೇಳುತ್ತಿಲ್ಲ. ಅದಕ್ಕೆ ಅವರು ಒಂದು ಉಪಾಯ ಮಾಡಿದ್ದರು. ಫೈಲಿಗೆ ಇದ್ದ ಗಂಗವ್ವನ ಹೆಸರು ತೆಗೆದು ಇಂಗ್ಲಿಷ್ ಅಕ್ಷರದಲ್ಲಿ "ಲೇಟೆಸ್ಟ್ ಸೂಪರ್ ಹಿಟ್ ಡ್ಯಾನ್ಸ್ ಶರಣು" ಎಂದು ಇಟ್ಟಿದ್ದರು.

"ಮಾಸ್ತರ, ಇದು ಮೋಸ ಅಲ್ಲೇನ್ರಿ? ವೈರಸ್‌ನವ್ರೂ ಹಿಂಗ ಮಾಡೂದು. ಮ್ಯಾಲ ಒಂದ್ ಹೆಸರು, ಒಳಗ ಒಂದ್ ಸಾಮಾನು."

"ಅವ್ರು ವಿಷ ಕೊಡ್ತಾರ, ನಾ ಜೋಗುಳ ಕೊಡ್ತೀನಿ. ಮತ್ತ ಶರಣು ಅಂತ ಹಾಕೇನಲ್ಲ, ಅದರಾಗ ಮೋಸ ಎಲ್ಲೈತ್ರಿ?"

ಈಗ ಬೇಡಿಕೆ ಕುದುರಿತ್ತು. ಯಾವ ಯಾವ ದೇಶದವರೋ ಕುಣಿಯಬೇಕೆಂದು ಹಾಡು ಇಳಿಸಿಕೊಂಡು, ಕಾಲು ಎತ್ತಿ ನಿಂತು, ಗುಂಜಿಯ ಗಾಳಿಯನ್ನೂ ಹಾಲು ಉಕ್ಕಿದ ಬೈಗುಳವನ್ನೂ ಕೇಳುತ್ತಿದ್ದರು. ಅವರು ನಮ್ಮನ್ನು ಏನೆಂದು ಬೈದರೋ ದೇವರೇ ಬಲ್ಲ. ಹೆಸರು ನಂಬಿ ಫೈಲು ಇಳಿಸಿಕೊಳ್ಳಬೇಡಿ ಎಂದು ನಾನು ಕ್ಲಾಸಿನಲ್ಲಿ ಕೊಡುತ್ತಿದ್ದ ಉದಾಹರಣೆ ಇದೇ.

ಆ ಮಳೆಗಾಲದಲ್ಲಿ ಗಂಗವ್ವ ಎದೆ ನೋಯುತ್ತದೆ ಎಂದು ಮಲಗಿದವರು ಏಳಲಿಲ್ಲ. ನನಗೆ ತಡೆಯಲಾರದಷ್ಟು ದುಃಖವಾಯಿತು. ರಿಪೇರಿಗೆ ಹೋದ ನನ್ನನ್ನು ಊಟ ಮಾಡಿಸದೇ ಕಳಿಸದ ಹೆಂಗಸು ಅವರೊಬ್ಬರೇ. ದಿನ ತುಂಬಿದ ಮಾದೇವಿ ತಾಯಿಯಿಲ್ಲದ ತವರಿಗೆ ಹೆರಿಗೆಗೆ ಬಂದಳು. ಬಾಣಂತನಕ್ಕೆ ಸೋದರತ್ತೆ ನಿಂತರು. ಹೆಣ್ಣು ಕೂಸು ಹುಟ್ಟಿತು. ಮಾದೇವಿ ಒಂದೇ ಮಾತು ಹೇಳಿದಳಂತೆ: ತೊಟ್ಟಿಲಿಗೆ ಹಾಕುವ ದಿನ ಬೇರೆ ಯಾರ ಹಾಡೂ ಬೇಡ, ಅವ್ವನ ಹಾಡೇ ಆಗಬೇಕು.

ಮಾಸ್ತರು ಹಾಡು ಹಚ್ಚಿ ನೋಡಲು ಹೋದರೆ ಯಾವ ಫೈಲೂ ತೆರೆಯುತ್ತಲೇ ಇಲ್ಲ. ಗಿಳಿ ಮಾತ್ರ ಮಾತಾಡುತ್ತದೆ. ಹೊಟ್ಟೆಯ ತುಂಬ ಗೂಢಚಾರರು. ಅವರು ರಿಕ್ಷಾದಲ್ಲಿ ಪೆಟ್ಟಿಗೆ ಇಟ್ಟುಕೊಂಡು ಅಂಗಡಿಗೆ ಬಂದ ದಿನ ನಾನು ಖಾನಾಪುರಕ್ಕೆ ಹೋಗಿದ್ದೆ. ಸಾವ್ಕಾರ್ರು ಪೆಟ್ಟಿಗೆಯ ಮೇಲೆ ಕೈಯಾಡಿಸಿ, "ಮೈ ಹೊಲಸ ಆಗೇತ್ರಿ ಮಾಸ್ತರ. ಒಂದ್ ಜಳಕಾ ಮಾಡಸೂಣೇನು?" ಎಂದರು. ಮನೆಯಲ್ಲಿ ತೊಟ್ಟಿಲ ಕಾರ್ಯ, ಎಲ್ಲ ಸ್ವಚ್ಛವಾಗಿರಬೇಕಾದ ಹೊತ್ತು. ಮಾಸ್ತರು, "ಅವಶ್ಯ ಮಾಡಸ್ರಿ. ಶರಣು" ಎಂದರು.

ಮರುದಿನ ಬೆಳಿಗ್ಗೆ ನಾನು ಕ್ಲಾಸಿಗೆ ಬಂದಾಗ ಮಾಸ್ತರು ಅಂಗಡಿಯ ಮೆಟ್ಟಿಲ ಮೇಲೆ ಕೂತಿದ್ದರು. ಶರಣು ಎನ್ನಲಿಲ್ಲ. ಅಷ್ಟು ವರ್ಷದಲ್ಲಿ ಅದೊಂದೇ ಸಲ. "ಅಕ್ಕಾರ, ಆಕಿ ಇಲ್ರಿ ಅದರಾಗ" ಎಂದರು. ನಾನು ಒಳಗೆ ಹೋಗಿ ಸಾವ್ಕಾರ್ರಿಗೆ ಏನೇನು ಅಂದೆನೋ ಅದನ್ನು ಇಲ್ಲಿ ಬರೆಯುವ ಹಾಗಿಲ್ಲ, ಮಾಳಿಗೆಯ ಮೇಲಿನ ಹುಡುಗಿಯರೆಲ್ಲ ಇಳಿದು ಬಂದು ನಿಂತರು. ಸಾವ್ಕಾರ್ರು, "ಹೊಲಸ ತಗಿ ಅಂದ್ರು, ತಗದೆ. ಅದರಾಗ ಹೆಣ್ತಿ ಅದಾಳ ಅಂತ ನನಗೇನ್ ಕನಸ ಬಿದ್ದಿತ್ತೇನ್ರಿ?" ಎಂದರು. ಮೇಲೆ ಹೊಸ ವಿಂಡೋಸ್ ಬೇರೆ ತುಂಬಿದ್ದರು. ಅಳಿಸಿದ್ದನ್ನು ಕೆದಕಿ ತೆಗೆಯುವ ವಿದ್ಯೆ ಆಗ ನಮ್ಮ ಊರಿಗೆ ಬಂದಿರಲಿಲ್ಲ. ಅಂದಿನಿಂದ ನಿವೃತ್ತಿಯಾಗುವ ದಿನದವರೆಗೆ ನಾನು ಯಾವ ಕಂಪ್ಯೂಟರನ್ನು ಮುಟ್ಟುವ ಮೊದಲೂ ಒಂದು ಪ್ರಶ್ನೆ ಕೇಳುತ್ತಿದ್ದೆ: "ಇದರಾಗ ಹೋದ್ರ ಅಳು ಬರೂವಂಥಾದ್ದು ಏನರ ಐತೇನ್ರಿ?" ನಿಮ್ಮ ಈಗಿನ ಪಾಠಗಳಲ್ಲಿ ಬ್ಯಾಕಪ್ ಬಗ್ಗೆ ಒಂದು ದೊಡ್ಡ ಅಧ್ಯಾಯವಿದೆಯಂತೆ. ನನ್ನದು ಇಷ್ಟೇ.

ತೊಟ್ಟಿಲ ಕಾರ್ಯಕ್ಕೆ ಇನ್ನು ಎರಡು ದಿನ ಇತ್ತು. ಮಾಸ್ತರು ಮಗಳಿಗೆ ಇನ್ನೂ ಹೇಳಿರಲಿಲ್ಲ. ಅವರ ಪೆಟ್ಟಿಗೆಯನ್ನು ಮನೆಗೆ ಮುಟ್ಟಿಸಿ ತಂತಿ ಜೋಡಿಸುತ್ತಿದ್ದಾಗ ನನಗೆ ಹೊಳೆಯಿತು. ಹಾಡು ಈ ಮನೆಯಲ್ಲಿಲ್ಲ. ಆದರೆ ಊರ ಮಂದಿಯೆಲ್ಲ ತಗೊಂಡು ಹೋಗಿದ್ದಾರಲ್ಲ.

"ಮಾಸ್ತರ, ಉಂಡು ಹೋದವ್ರ ಮನ್ಯಾಗ ಹುಡುಕೂಣು" ಎಂದೆ.

ಹುಡುಕಬೇಕೆಂದರೆ ಆ ದರಿದ್ರ ತಂತ್ರಾಂಶವನ್ನೇ ಮತ್ತೆ ಹಾಕಬೇಕು. ಯಾವುದನ್ನು ಮುಟ್ಟಬೇಡಿ ಎಂದು ಊರ ತುಂಬ ಬೊಬ್ಬೆ ಹಾಕಿದ್ದೆನೋ ಅದನ್ನು ನನ್ನ ಕೈಯಾರೆ ಹಾಕಿದೆ. ಕೇಳಿದ್ದಕ್ಕೆಲ್ಲ ಎಸ್ ಒತ್ತಿದೆ. ಗಿಳಿ ಹಾರಿ ಬಂದು ಕೂತು ನಮಸ್ಕಾರ ಹೇಳಿತು. ಅದರ ಮುಖ ನೋಡದೆ ಹುಡುಕುವ ಜಾಗದಲ್ಲಿ ಸೂಪರ್ ಹಿಟ್ ಡ್ಯಾನ್ಸ್ ಎಂದು ಬರೆದೆ. ಸಾಲುಸಾಲಾಗಿ ಬಂದವು, ಪಟ್ಟಿಗೆ ಕೊನೆಯೇ ಇಲ್ಲ. ಒಂದನ್ನು ಇಳಿಸಿದರೆ ಖರೇನೇ ಡ್ಯಾನ್ಸ್, ಇನ್ನೊಂದು ವೈರಸ್, ಮತ್ತೊಂದು ಯಾರೋ ಕೆಮ್ಮುತ್ತಿರುವ ಸದ್ದು. ಮಾಸ್ತರು ನಿಟ್ಟುಸಿರಿಟ್ಟು, "ಸಾಕ್ ಬಿಡ್ರಿ ಅಕ್ಕಾರ. ಶರಣು" ಎಂದು ಏಳಲು ಹೋದರು.

ನಾನು ಅವರ ಕೈ ಹಿಡಿದು ಕೂರಿಸಿದೆ. ಬರೆದದ್ದನ್ನೆಲ್ಲ ಅಳಿಸಿ ಆ ಜಾಗದಲ್ಲಿ ಶರಣು ಎಂಬ ಒಂದೇ ಶಬ್ದ ಬರೆದೆ. ಜಗತ್ತಿನಲ್ಲಿ ಯಾವ ಕಳ್ಳ ತುಡುಗನೂ ತನ್ನ ಫೈಲಿಗೆ ಶರಣು ಎಂದು ಹಚ್ಚುವುದಿಲ್ಲ.

ಒಂದು ಸಾಲು ಬಂತು, ಒಂದೇ. ಯಾವ ದೇಶವೋ, ಯಾರ ಮನೆಯೋ ತಿಳಿಯದು. ಆ ಪುಣ್ಯಾತ್ಮ ಕುಣಿಯಲೆಂದು ಇಳಿಸಿಕೊಂಡದ್ದನ್ನು ಅಳಿಸದೇ ಇಟ್ಟುಕೊಂಡಿದ್ದ. ಅವನ ಮನೆಯ ಬಾಗಿಲೂ ತೆರೆದಿತ್ತು, ಅವನಿಗೂ ನನ್ನಂಥ ಅಕ್ಕಾರ ಸಿಕ್ಕಿರಲಿಲ್ಲ. ನಾನು ಇಳಿಸಲು ಹಚ್ಚಿದೆ. ಅರ್ಧಕ್ಕೆ ಬಂದಿತ್ತು, ಸೋದರತ್ತೆ ತಂಗಿಗೆ ಬಾಣಂತಿಯ ಊಟದ ವಿವರ ಹೇಳಲೆಂದು ಒಳಗಿನ ಕೋಣೆಯ ಫೋನ್ ಎತ್ತಿದರು, ಅದೇ ತಂತಿಯ ಮೇಲಿದ್ದ ಇಂಟರ್ನೆಟ್ ಕಟ್ಟಾಯಿತು. ಮತ್ತೆ ಹಚ್ಚಿದರೆ ಆ ಮನುಷ್ಯ ಕಂಪ್ಯೂಟರ್ ಆರಿಸಿ ಹೋಗಿದ್ದ. ಮಾಸ್ತರು ಕೈ ಮುಗಿದು ಪರದೆಯ ಮುಂದೆ ಕೂತೇ ಇದ್ದರು. ಮರುದಿನ ಮಧ್ಯಾಹ್ನ ಅವನು ಮತ್ತೆ ಬಂದ. ಈ ಸಲ ಮಾಸ್ತರು ಒಳಗಿನ ಫೋನಿನ ಮೇಲೆ ಕೈ ಇಟ್ಟುಕೊಂಡು ಕಾವಲು ನಿಂತರು. ಹಾಡು ಪೂರ್ತಿ ಇಳಿಯಿತು. ಮೊದಲ ಸಾಲಿನ ದನಿ ಕೇಳಿ ನಿಲ್ಲಿಸಿದೆ. ಉಳಿದದ್ದನ್ನು ಮಾದೇವಿಯ ಜೊತೆಗೇ ಕೇಳುವುದಾಗಿ ಮಾಸ್ತರು ಹೇಳಿದರು. ನಾನು ಮೊದಲು ಅದನ್ನು ಎರಡು ಕ್ಯಾಸೆಟ್ಟಿಗೆ ತುಂಬಿದೆ, ಆಮೇಲೆ ಗಿಳಿಯನ್ನು ಓಡಿಸಿದೆ.

ತೊಟ್ಟಿಲ ದಿನ ಪಡಸಾಲೆ ತುಂಬ ಹೆಣ್ಣುಮಕ್ಕಳು. ಸಾವ್ಕಾರ್ರೂ ಬಂದಿದ್ದರು. ಬಂದು ಎರಡು ಸಲ ಹೋಳಿಗೆ ಹಾಕಿಸಿಕೊಂಡು, "ನಮ್ಮ ಅಂಗಡ್ಯಾಗ ಜಳಕಾ ಮಾಡಿಸಿದ ಮ್ಯಾಲ ಹೋದದ್ದೂ ತಿರಗಿ ಬರ್ತೈತಿ ನೋಡ್ರಿ" ಎಂದು ಬೀಗರಿಗೆ ಹೇಳುತ್ತಿದ್ದರು. ಕೂಸನ್ನು ತೊಟ್ಟಿಲಿಗೆ ಹಾಕಿದರು. ನಾನು ಹಾಡು ಹಚ್ಚಿದೆ. ಗಂಗವ್ವ ಹಾಡತೊಡಗಿದರು. ಮಾದೇವಿ ತೊಟ್ಟಿಲ ಹಗ್ಗ ಹಿಡಿದು ತಲೆ ತಗ್ಗಿಸಿದಳು. ಗಂಡಸರ ಸಾಲಿನಲ್ಲಿ ಮಾಸ್ತರು ಗೋಡೆಗೆ ಒರಗಿ ಕೂತಿದ್ದರು, ಕಣ್ಣು ಮುಚ್ಚಿತ್ತು.

ಅರ್ಧ ಹಾಡಿಗೆ ಗಂಗವ್ವ ಅದೇ ಉಸಿರಿನಲ್ಲಿ, "ಏನ್ರಿ, ಹಾಲ ಉಕ್ಕಾಕತ್ತಾವ, ವಾಸನಿ ಬಡಿಯೂದಿಲ್ಲೇನು" ಎಂದರು. ಮಾಸ್ತರು ದಡಕ್ಕನೆ ಎದ್ದು, ಕೂತವರ ಕಾಲು ದಾಟಿ ಅಡಿಗೆ ಮನೆಗೆ ಓಡಿದರು. ಯಾರಿಗೂ ಏನೂ ತಿಳಿಯಲಿಲ್ಲ. ನಾನು ಹಿಂದೆಯೇ ಹೋದೆ. ಅಲ್ಲಿ ಒಲೆ ಹೊತ್ತಿರಲೇ ಇಲ್ಲ, ಅದರ ಮೇಲೆ ಪಾತ್ರೆಯೂ ಇರಲಿಲ್ಲ. ಮಾಸ್ತರು ಗ್ಯಾಸಿನ ಗುಂಡಿ ಹಿಡಿದುಕೊಂಡು ನಿಂತಿದ್ದರು.

ಪಡಸಾಲೆಯಲ್ಲಿದ್ದ ಪೆಟ್ಟಿಗೆಯಿಂದ ಅವರದೇ ದನಿ, "ಬಂದ್ ಮಾಡೀನಿ, ನೀ ಹಾಡ" ಎಂದಿತು. ಗಂಗವ್ವ ಬಿಟ್ಟಲ್ಲಿಂದ ಹಿಡಿದು ಹಾಡು ಮುಗಿಸಿದರು.